‘ಫ್ರೀ’ ಸಿನಿಮಾದ ಬಿಲ್ ಯಾರು ಕಟ್ತಾರೆ? ಪೈರಸಿಯ ಕಾಣದ ಖರ್ಚಿನ ಲೆಕ್ಕ

ಲೆಕ್ಕದಪುಸ್ತಕ ಕೇಳಿದ್ದು:

ಪೈರಸಿ ಅಂದ ಕೂಡಲೇ ‘ನಿರ್ಮಾಪಕರಿಗೆ ಇಷ್ಟು ಕೋಟಿ ನಷ್ಟ’ ಅಂತ ಶುರುವಾಗಿ ಅಲ್ಲಿಗೇ ಮಾತು ಮುಗಿಯುತ್ತೆ. ಆ ಅಂಕಿ ಎಲ್ಲಿಂದ ಬಂತು ಅಂತ ಕೇಳೋರಿಲ್ಲ. ನೋಡುವವನ ಕೈಯಿಂದ ಏನು ಹೋಗುತ್ತೆ ಅನ್ನೋದನ್ನೂ, ‘ವೈರಸ್ ಬರುತ್ತೆ’ ಅನ್ನೋ ಒಂದು ಸಾಲು ಬಿಟ್ಟರೆ, ಯಾರೂ ಬಿಡಿಸಿ ಹೇಳಲ್ಲ.

ಇಲ್ಲಿ ಸೆಕ್ಯುರಿಟಿ ಕೆಲಸದವರೂ ಇದ್ದೀರಿ, ಪ್ರೊಜೆಕ್ಷನ್, ಹಂಚಿಕೆ ಬಲ್ಲವರೂ ಇದ್ದೀರಿ. ಟಿಕೆಟ್ ಇಲ್ಲ, ಚಂದಾ ಇಲ್ಲ ಅಂದಮೇಲೆ ಆ ಸೈಟ್‌ಗಳ ಸರ್ವರ್ ಖರ್ಚು, ಲಾಭ ಎಲ್ಲಿಂದ ಹುಟ್ಟುತ್ತೆ? ಆಡ್‌ಬ್ಲಾಕರ್, ವಿಪಿಎನ್, ಆಂಟಿವೈರಸ್ ಮೂರೂ ಹಾಕಿಕೊಂಡವನಿಗೆ ನಿಜಕ್ಕೂ ಏನಾದರೂ ಆಗುತ್ತಾ? ವಿಡಿಯೋ ಫೈಲ್‌ನಲ್ಲಿ ವೈರಸ್ ಕೂರೋಕೆ ಸಾಧ್ಯವಾ, ಇಲ್ಲ ಅದು ಬರೀ ಹೆದರಿಸೋ ಮಾತಾ? ‘ಎಲ್ಲಾ ಚಾನೆಲ್ ಜೀವನಪೂರ್ತಿ ಉಚಿತ’ ಅಂತ ಮಾರೋ ಆಂಡ್ರಾಯ್ಡ್ ಬಾಕ್ಸ್‌ಗಳ ಕತೆ ಏನು? ನಷ್ಟದ ಅಂಕಿಗಳಲ್ಲಿ ಯಾವುದನ್ನು ನಂಬಬಹುದು? ನೀತಿಪಾಠ ಬೇಡ, ವಿವರ ಬೇಕು.

---

ಕುಕೀಕಾವಲು:

ಮೊದಲ ಪ್ರಶ್ನೆಯಿಂದಲೇ ಹಿಡಿಯೋಣ, ಉಳಿದದ್ದೆಲ್ಲ ಅದರ ಬಾಲ.

ದೊಡ್ಡ ಜಾಹೀರಾತು ಜಾಲಗಳು ಪೈರಸಿ ಸೈಟ್‌ಗಳನ್ನು ಹತ್ತಿರ ಸೇರಿಸಲ್ಲ. ಹಾಗಾಗಿ ಅಲ್ಲಿ ಉಳಿಯೋದು ಕೇಳೋರಿಲ್ಲದ ಜಾಲಗಳು: ಪಾಪ್-ಅಂಡರ್ (ನೋಡ್ತಿರೋ ಪುಟದ ಹಿಂದೆ ತೆರೆಯೋ ಜಾಹೀರಾತು), ರೀಡೈರೆಕ್ಟ್ (ಬೇರೆ ವಿಳಾಸಕ್ಕೆ ತಳ್ಳೋದು), ನೋಟಿಫಿಕೇಶನ್ ಅನುಮತಿ ಮಾರೋರು, ಬೆಟ್ಟಿಂಗ್ ಕಂಪನಿಗಳು. ಡಿಜಿಟಲ್ ಸಿಟಿಜನ್ಸ್ ಅಲಯನ್ಸ್ 2021ರ ವರದಿಯಲ್ಲಿ ಪೈರಸಿ ಸೈಟ್ ಮತ್ತು ಆಪ್‌ಗಳ ಜಾಹೀರಾತು ಆದಾಯವನ್ನು ವರ್ಷಕ್ಕೆ 134 ಕೋಟಿ ಡಾಲರ್ ಅಂತ ಅಂದಾಜಿಸಿತ್ತು. ಆ ಸಂಸ್ಥೆಗೆ ಮನರಂಜನಾ ಉದ್ಯಮದ ದುಡ್ಡೂ ಹೋಗುತ್ತೆ, ಆದ್ದರಿಂದ ಅದನ್ನು ಅಂದಾಜು ಅಂತಲೇ ಓದಿ. ಆದರೆ ದುಡ್ಡು ಹರಿಯೋ ದಿಕ್ಕಿನ ಬಗ್ಗೆ ಅನುಮಾನ ಇಲ್ಲ.

ಪುಟದಲ್ಲಿ ನಡೆಯೋದು ಹೀಗೆ. ಪ್ಲೇಯರ್ ಮೇಲೆ ಕಣ್ಣಿಗೆ ಕಾಣದ ಒಂದು ಪದರ ಹಾಸಿರುತ್ತಾರೆ. ನೀವು ಪ್ಲೇ ಒತ್ತಿದಾಗ ಮೊದಲ ಕ್ಲಿಕ್ ಆ ಪದರಕ್ಕೆ ಹೋಗಿ ಹೊಸ ಟ್ಯಾಬ್ ತೆರೆಯುತ್ತೆ, ಎರಡನೆಯದೋ ಮೂರನೆಯದೋ ಕ್ಲಿಕ್‌ಗೆ ಸಿನಿಮಾ ಶುರು. ಹೊಸ ಟ್ಯಾಬ್ ನೇರವಾಗಿ ಜಾಹೀರಾತಿಗೆ ಹೋಗಲ್ಲ. ನಡುವೆ ನಾಲ್ಕೈದು ವಿಳಾಸ ಹಾರುತ್ತೆ, ಒಂದೊಂದು ಕಡೆಯೂ ನಿಮ್ಮ ಬ್ರೌಸರ್, ಆಪರೇಟಿಂಗ್ ಸಿಸ್ಟಂ, ಐಪಿ (ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕದ ವಿಳಾಸ) ನೋಡಿ ‘ಇವನಿಗೆ ಏನು ತೋರಿಸಬೇಕು’ ಅಂತ ನಿರ್ಧಾರ ಆಗುತ್ತೆ. ಸ್ಕ್ಯಾನರ್ ಬಂದರೆ ಸಭ್ಯ ಪುಟ, ವಿಂಡೋಸ್ ಬಳಕೆದಾರ ಬಂದರೆ ಬೇರೆ ಪುಟ. ‘ನಾನು ಆ ಲಿಂಕ್ ಸ್ಕ್ಯಾನ್ ಮಾಡಿದೆ, ಕ್ಲೀನ್ ಅಂತ ಬಂತು’ ಅನ್ನೋ ವಾದ ಇಲ್ಲೇ ಬಿದ್ದುಹೋಗುತ್ತೆ.

ಇದು ಊಹೆಯಲ್ಲ. 2024ರ ಡಿಸೆಂಬರ್‌ನಲ್ಲಿ ಪತ್ತೆಯಾದ ಇಂಥದ್ದೇ ಒಂದು ಸರಣಿಯನ್ನು ಮೈಕ್ರೋಸಾಫ್ಟ್ 2025ರ ಮಾರ್ಚ್‌ನಲ್ಲಿ ಪೂರ್ತಿ ಬಿಡಿಸಿ ಪ್ರಕಟಿಸಿತು. ಶುರುವಾದದ್ದು ಅಕ್ರಮ ಸ್ಟ್ರೀಮಿಂಗ್ ಸೈಟ್‌ಗಳ ವಿಡಿಯೋ ಚೌಕಟ್ಟಿನೊಳಗಿನ ಜಾಹೀರಾತಿನಿಂದ, ಕೊನೆಗೆ ಇಳಿದದ್ದು ಕೋಡ್ ಹಂಚೋ ತಾಣ ಗಿಟ್‌ಹಬ್‌ನಲ್ಲಿಟ್ಟ ಫೈಲ್. ಸುಮಾರು 10 ಲಕ್ಷ ಸಾಧನಗಳಿಗೆ ಬಿಸಿ ತಟ್ಟಿತು, ಮನೆಯ ಕಂಪ್ಯೂಟರ್‌ಗಳ ಜೊತೆ ಕಚೇರಿಗಳವೂ ಸೇರಿ.

ಇಳಿಯೋದು ಹಳೇ ಕಾಲದ, ಪರದೆ ಕೆಡಿಸೋ ವೈರಸ್ ಅಲ್ಲ. ಲುಮ್ಮಾ, ರೆಡ್‌ಲೈನ್, ವಿಡಾರ್ ತರಹದ ‘ಸ್ಟೀಲರ್’ಗಳು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಆಟೋಫಿಲ್, ಕ್ರಿಪ್ಟೋ ವಾಲೆಟ್, ಎಲ್ಲಕ್ಕಿಂತ ಮುಖ್ಯವಾಗಿ ಸೆಷನ್ ಕುಕೀ, ಇಷ್ಟನ್ನೂ ಕಟ್ಟಿ ಕಳಿಸಿ ಎಷ್ಟೋ ಸಲ ತನ್ನನ್ನು ತಾನೇ ಅಳಿಸಿಕೊಳ್ಳುತ್ತೆ. ಕುಕೀ ಯಾಕೆ ಮುಖ್ಯ ಅಂದ್ರೆ, ನೀವು ಒಟಿಪಿ ಕೊಟ್ಟು ಲಾಗಿನ್ ಆದ ಮೇಲೆ ಸರ್ವರ್ ನಿಮ್ಮನ್ನು ಗುರುತಿಸೋದೇ ಅದರಿಂದ. ಅದು ಕೈಗೆ ಸಿಕ್ಕವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಇದನ್ನು ತಡೆಯೋಕೆ ಅಂತಲೇ 2024ರ ಜುಲೈನಲ್ಲಿ ಕ್ರೋಮ್ 127ರಲ್ಲಿ ಕುಕೀಗಳನ್ನು ಆಪ್‌ಗೆ ಕಟ್ಟಿಹಾಕೋ ಎನ್‌ಕ್ರಿಪ್ಶನ್ ತಂದರು. ಕೆಲವೇ ತಿಂಗಳಲ್ಲಿ ಸ್ಟೀಲರ್‌ಗಳು ಅದನ್ನೂ ದಾಟಿದವು.

ಈಗ ನಿಮ್ಮ ಮೂರು ರಕ್ಷಾಕವಚ.

ಆಡ್‌ಬ್ಲಾಕರ್ ಮೂರರಲ್ಲೂ ಹೆಚ್ಚು ಕೆಲಸದ್ದು, ರೀಡೈರೆಕ್ಟ್ ಸರಪಳಿಯ ಬಹುಪಾಲನ್ನು ಬೇರಲ್ಲೇ ಕತ್ತರಿಸುತ್ತೆ. ಅದಕ್ಕೇ ಆ ಸೈಟ್‌ಗಳು ‘ಆಡ್‌ಬ್ಲಾಕರ್ ತೆಗೆದರೆ ಮಾತ್ರ ಪ್ಲೇ’ ಅಂತ ಹಟ ಹಿಡಿಯೋದು. ಆದರೆ ನೀವೇ ಕೈಯಾರೆ ಮಾಡೋದನ್ನು ಅದು ತಡೆಯಲ್ಲ. ಈಗ ಚಾಲ್ತಿಯಲ್ಲಿರೋ ಉಪಾಯ ನೋಡಿ: ‘ನೀವು ಮನುಷ್ಯರು ಅಂತ ಖಚಿತಪಡಿಸಿ’ ಅನ್ನೋ ಪೆಟ್ಟಿಗೆ ಬರುತ್ತೆ. ಟಿಕ್ ಮಾಡಿದ ಕ್ಷಣವೇ ಪುಟ ನಿಮ್ಮ ಕ್ಲಿಪ್‌ಬೋರ್ಡ್‌ಗೆ ಒಂದು ಪವರ್‌ಶೆಲ್ (ವಿಂಡೋಸ್‌ಗೆ ನೇರ ಆಜ್ಞೆ ಕೊಡೋ ಸಾಧನ) ಆಜ್ಞೆ ಹಾಕಿಬಿಟ್ಟಿರುತ್ತೆ. ಆಮೇಲೆ ‘ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ’ ಅಂತ ಸೂಚನೆ. ಡೌನ್‌ಲೋಡ್ ಪಟ್ಟಿಯಲ್ಲಿ ಏನೂ ಕಾಣಲ್ಲ. ಆಜ್ಞೆ ಓಡಿಸಿದವರು ನೀವೇ ಆದ್ದರಿಂದ ಆಂಟಿವೈರಸ್‌ಗೂ ಗೊಂದಲ. ಯಾವ ಅಸಲಿ ಕ್ಯಾಪ್ಚಾವೂ ಬ್ರೌಸರ್‌ನಿಂದ ಹೊರಗೆ ಬಂದು ಏನನ್ನೂ ಪೇಸ್ಟ್ ಮಾಡಿ ಅನ್ನಲ್ಲ.

ವಿಪಿಎನ್ ನಿಮ್ಮ ಐಪಿ ಮರೆಮಾಡುತ್ತೆ ಅಷ್ಟೇ. ಸುರಂಗದೊಳಗೆ ಸಿನಿಮಾ ಬಂದಷ್ಟೇ ಸುರಕ್ಷಿತವಾಗಿ ಸ್ಟೀಲರ್ ಕೂಡ ಬರುತ್ತೆ. ಉಚಿತ ವಿಪಿಎನ್ ಆದರಂತೂ ಅದೇ ಬೇರೆ ರೋಗ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಉರುಳಿಸಿದ 911 ಎಸ್5 ಅನ್ನೋ ಸೋಂಕಿತ ಕಂಪ್ಯೂಟರ್‌ಗಳ ಜಾಲ ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್ ಅಂಥ ಹೆಸರುಗಳಲ್ಲಿ, ಪೈರೇಟೆಡ್ ಫೈಲ್‌ಗಳ ಜೊತೆ ಸೇರಿಕೊಂಡು ಹಬ್ಬಿತ್ತು. ಸುಮಾರು 1.9 ಕೋಟಿ ಐಪಿ ವಿಳಾಸಗಳನ್ನು ಅಪರಾಧಿಗಳಿಗೆ ಬಾಡಿಗೆ ಕೊಟ್ಟಿದ್ದರು. ಮರೆಯಾಗೋಕೆ ಅಂತ ಹಾಕಿಕೊಂಡ ಮುಸುಕಿನ ಹಿಂದೆ ಬೇರೆಯವರು ನಿಂತಿದ್ದರು.

---

ಚಿತ್ರಚಾಲಕ:

ಆಂಟಿವೈರಸ್ ಬಗ್ಗೆ ಒಂದು ಮಾತು ಬಿಟ್ಟುಹೋಯ್ತು. ಪಾಸ್‌ವರ್ಡ್ ಇರೋ ಜಿಪ್ ಅಥವಾ ರಾರ್ ಒಳಗೆ ಅದಕ್ಕೆ ನೋಡೋಕೆ ಆಗಲ್ಲ. ‘ಪಾಸ್‌ವರ್ಡ್ 1234, ಪಕ್ಕದ ಟೆಕ್ಸ್ಟ್ ಫೈಲ್ ನೋಡಿ’ ಅಂತ ಇದ್ರೆ ಸಿನಿಮಾ ಕಾಪಾಡೋಕೆ ಹಾಗೆ ಮಾಡಿರಲ್ಲ, ಸ್ಕ್ಯಾನರ್ ಕಣ್ಣು ಕಟ್ಟೋಕೆ ಮಾಡಿರ್ತಾರೆ. ಇನ್ನೊಂದು ಉಪಾಯ: ಎಕ್ಸ್‌ಇ ಫೈಲ್‌ಗೆ ಖಾಲಿ ಸೊನ್ನೆಗಳನ್ನು ತುಂಬಿ 700 ಎಂಬಿ ದಾಟಿಸೋದು. ನೋಡೋನಿಗೆ ಸಿನಿಮಾ ಗಾತ್ರ ಅಂತ ಕಾಣುತ್ತೆ, ಎಷ್ಟೋ ಸ್ಕ್ಯಾನರ್‌ಗಳು ‘ತುಂಬಾ ದೊಡ್ಡದು’ ಅಂತ ಬಿಟ್ಟುಬಿಡ್ತವೆ.

ವಿಡಿಯೋ ಫೈಲ್ ಪ್ರಶ್ನೆಗೆ ಪ್ರಾಮಾಣಿಕ ಉತ್ತರ: ಅಸಲಿ ಎಂಕೆವಿ ಅಥವಾ ಎಂಪಿ4, ಅಪ್‌ಡೇಟ್ ಆದ ಪ್ಲೇಯರ್, ಇವೆರಡೂ ಇದ್ರೆ ಅಪಾಯ ತೀರಾ ಕಡಿಮೆ. ಪ್ಲೇಯರ್‌ನಲ್ಲೇ ತೂತು ಬೇಕು. 2017ರ ಮೇ ತಿಂಗಳಲ್ಲಿ ಚೆಕ್ ಪಾಯಿಂಟ್ ಅನ್ನೋ ಸೆಕ್ಯುರಿಟಿ ಕಂಪನಿಯವರು ಸಬ್‌ಟೈಟಲ್ ಫೈಲ್ ಮೂಲಕ ವಿಎಲ್‌ಸಿ, ಕೋಡಿ, ಸ್ಟ್ರೀಮಿಯೋ, ಪಾಪ್‌ಕಾರ್ನ್ ಟೈಮ್ ಈ ನಾಲ್ಕನ್ನೂ ವಶಕ್ಕೆ ತಗೊಳ್ಳೋದನ್ನು ತೋರಿಸಿದ್ದರು. ಆಮೇಲೆ ಅದನ್ನು ಸರಿಪಡಿಸಿದರು. ನಿಜವಾದ ಗಂಡಾಂತರ ವಿಡಿಯೋ ವೇಷ ಹಾಕಿದ ಬೇರೆ ಫೈಲ್‌ಗಳದ್ದು. ಸೆಕ್ಯುರಿಟಿ ಕಂಪನಿ ಮ್ಯಾಂಡಿಯಂಟ್ 2024ರ ಆಗಸ್ಟ್‌ನಲ್ಲಿ ವಿವರಿಸಿದ ಪೀಕ್‌ಲೈಟ್ ಅನ್ನೋ ಮಾಲ್‌ವೇರ್ ಹಾಗೇನೇ ಬಂತು: ಸಿನಿಮಾ ಹೆಸರಿನ ಜಿಪ್, ಒಳಗೆ ವಿಂಡೋಸ್ ಶಾರ್ಟ್‌ಕಟ್, ಅದನ್ನು ಒತ್ತಿದರೆ ಮೆಮೊರಿಯಲ್ಲಷ್ಟೇ ಓಡೋ ಡೌನ್‌ಲೋಡರ್.

ಇಲ್ಲಿ ಬಹಳ ಜನ ಎಡವೋ ಒಂದು ಜಾಗ ಇದೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಅಂತ ಟಿಕ್ ಹಾಕಿ ಅಂತ ಎಲ್ಲರೂ ಹೇಳ್ತಾರೆ. ಹಾಕಿ, ‘ಸಿನಿಮಾ.ಎಂಕೆವಿ.ಎಕ್ಸ್‌ಇ’ ಆಗ ಬಯಲಾಗುತ್ತೆ. ಆದರೆ ಶಾರ್ಟ್‌ಕಟ್‌ನ ಎಲ್‌ಎನ್‌ಕೆ ಬಾಲ ಆ ಟಿಕ್ ಹಾಕಿದ ಮೇಲೂ ಕಾಣಲ್ಲ. ವಿಂಡೋಸ್‌ನ ಒಳಗಿನ ಸೆಟ್ಟಿಂಗ್ ಕಡತವಾದ ರಿಜಿಸ್ಟ್ರಿಯಲ್ಲಿ ಅದಕ್ಕೆ ಪ್ರತ್ಯೇಕವಾಗಿ ‘ಎಂದೂ ತೋರಿಸಬೇಡ’ ಅಂತ ಬರೆದಿರುತ್ತೆ. ಹೆಸರು ‘ಸಿನಿಮಾ.ಎಂಕೆವಿ’, ಐಕಾನ್ ವಿಎಲ್‌ಸಿಯದ್ದು, ಒಳಗೆ ಪವರ್‌ಶೆಲ್. ಆದ್ದರಿಂದ ಹೆಸರು ನೋಡಬೇಡಿ. ಡೀಟೇಲ್ಸ್ ವ್ಯೂ ಹಾಕಿ ‘ಟೈಪ್’ ಕಾಲಂ ನೋಡಿ. ‘ಶಾರ್ಟ್‌ಕಟ್’ ಅಥವಾ ‘ಅಪ್ಲಿಕೇಶನ್’ ಅಂತ ಇದ್ದರೆ ಮುಗೀತು. ಅಕ್ಷರಗಳನ್ನು ಬಲದಿಂದ ಎಡಕ್ಕೆ ತಿರುಗಿಸೋ ಯೂನಿಕೋಡ್ ಚಿಹ್ನೆ ಸೇರಿಸಿ ಎಕ್ಸ್‌ಟೆನ್ಶನ್ ಅಡಗಿಸೋ ಕಸುಬೂ ಈ ಕಾಲಂ ಮುಂದೆ ನಡೆಯಲ್ಲ. ಗಾತ್ರವನ್ನೂ ನೋಡಿ: ಎರಡು ಗಂಟೆಯ 1080ಪಿ ಸಿನಿಮಾ ಕೆಲವೇ ಕೆಬಿ ಇರೋಕೆ ಸಾಧ್ಯ ಇಲ್ಲ.

‘ಈ ಫೈಲ್‌ಗೆ ವಿಶೇಷ ಕೋಡೆಕ್ ಬೇಕು’ (ಅಂದ್ರೆ ವಿಡಿಯೋ ಬಿಡಿಸೋ ತಂತ್ರಾಂಶ) ಅಂತ ಬಂದ್ರೆ ನೇರ ಕಸದಬುಟ್ಟಿಗೆ. ವಿಎಲ್‌ಸಿ, ಎಂಪಿವಿ ತರಹದ ಪ್ಲೇಯರ್‌ಗಳಲ್ಲಿ ಸಿನಿಮಾಗೆ ಬಳಸೋ ಕೋಡೆಕ್‌ಗಳೆಲ್ಲ ಒಳಗೇ ಇವೆ.

---

ಆಂಟೆನಾ_ಅಣ್ಣ:

ಬಾಕ್ಸ್ ವಿಷಯ ನನಗೆ ಬಿಡಿ.

ಈ ಅಗ್ಗದ ಬಾಕ್ಸ್‌ಗಳಲ್ಲಿ ಓಡೋದು ಗೂಗಲ್ ಪ್ರಮಾಣೀಕರಿಸಿದ ಆಂಡ್ರಾಯ್ಡ್ ಟಿವಿ ಅಲ್ಲ, ತೆರೆದ ಮೂಲದ ಆಂಡ್ರಾಯ್ಡನ್ನು ಯಾರೋ ಸೇರಿಸಿ ಕಟ್ಟಿದ್ದು. ಹಳೇ ಆವೃತ್ತಿಗೆ ಹೊಸ ಸಂಖ್ಯೆ ಅಂಟಿಸಿರ್ತಾರೆ, ಸೆಕ್ಯುರಿಟಿ ಅಪ್‌ಡೇಟ್ ಬರೋ ಮಾತೇ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ವೆಬ್ ಅನ್ನೋ ಆಂಟಿವೈರಸ್ ಕಂಪನಿ ಪತ್ತೆ ಮಾಡಿದ ವಾಯ್ಡ್ ಅನ್ನೋ ಹಿಂಬಾಗಿಲು 197 ದೇಶಗಳ ಸುಮಾರು 13 ಲಕ್ಷ ಬಾಕ್ಸ್‌ಗಳಲ್ಲಿತ್ತು. ಬ್ಯಾಡ್‌ಬಾಕ್ಸ್ 2.0 ಅನ್ನೋ ಸೋಂಕಿತ ಸಾಧನಗಳ ಜಾಲ ಅದಕ್ಕಿಂತ ದೊಡ್ಡದು. 2025ರ ಜೂನ್‌ನಲ್ಲಿ ಎಫ್‌ಬಿಐ ಅದರ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು, ಜುಲೈನಲ್ಲಿ ಗೂಗಲ್ ದಾವೆ ಹೂಡಿದಾಗ ಹೇಳಿದ ಲೆಕ್ಕ 1 ಕೋಟಿಗೂ ಹೆಚ್ಚು ಸಾಧನ. ಕೆಲವು ಬಾಕ್ಸ್‌ಗಳಲ್ಲಿ ಕಾರ್ಖಾನೆಯಿಂದ ಬರುವಾಗಲೇ ಇರುತ್ತೆ, ಕೆಲವಕ್ಕೆ ಮೊದಲ ಸಲ ಆನ್ ಮಾಡಿ ‘ಸಿನಿಮಾ ಸ್ಟೋರ್’ ಆಪ್ ಹಾಕುವಾಗ ಇಳಿಯುತ್ತೆ.

ಆ ಮಾಲ್‌ವೇರ್ ನಿಮ್ಮ ಮನೆಯ ಇಂಟರ್‌ನೆಟ್ ಸಂಪರ್ಕವನ್ನು ಪ್ರಾಕ್ಸಿ (ಬೇರೆಯವರು ತಮ್ಮ ಗುರುತು ಮರೆಮಾಡಿ ಬಳಸೋ ದಾರಿ) ಅಂತ ಮಾರುತ್ತೆ. ಜಾಹೀರಾತುಗಳ ಮೇಲೆ ಸುಳ್ಳು ಕ್ಲಿಕ್, ಕದ್ದ ಪಾಸ್‌ವರ್ಡ್ ಪರೀಕ್ಷೆ, ನಕಲಿ ಖಾತೆ ಸೃಷ್ಟಿ, ಎಲ್ಲವೂ ನಿಮ್ಮ ಐಪಿಯಿಂದ. ಸಿನಿಮಾ ಮಾತ್ರ ಚೆನ್ನಾಗೇ ಓಡುತ್ತೆ, ಅದೇ ಇದರ ವಿಶೇಷ. ನಿಮಗೆ ಕಾಣೋದು ಇಷ್ಟೇ: ಹುಡುಕಾಟದ ಪುಟಗಳಲ್ಲಿ ಪದೇಪದೇ ಕ್ಯಾಪ್ಚಾ, ಎಲ್ಲೋ ಪಾವತಿ ತಿರಸ್ಕಾರ, ಕಾರಣವಿಲ್ಲದೆ ಖಾತೆ ಲಾಕ್. ಅಪರಾಧದ ತನಿಖೆ ಐಪಿ ಹಿಡಿದು ಬಂದರೆ ಮೊದಲು ಬಾಗಿಲು ತಟ್ಟೋದೂ ನಿಮ್ಮದನ್ನೇ.

ಪರೀಕ್ಷೆ ಮಾಡೋದು ಕಷ್ಟ ಅಲ್ಲ. ಪ್ಲೇ ಸ್ಟೋರ್ ಇದ್ದರೆ ಅದರ ಸೆಟ್ಟಿಂಗ್ಸ್, ಅಬೌಟ್ ಒಳಗೆ ‘ಪ್ಲೇ ಪ್ರೊಟೆಕ್ಟ್ ಸರ್ಟಿಫಿಕೇಶನ್’ ಸಾಲು ನೋಡಿ. ಪ್ಲೇ ಸ್ಟೋರೇ ಇಲ್ಲ, ಅಥವಾ ಸೆಟಪ್‌ನಲ್ಲಿ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅಂತ ಬಾಕ್ಸೇ ಹೇಳುತ್ತೆ ಅಂದ್ರೆ ಉತ್ತರ ಸಿಕ್ಕಿತು. ರೂಟರ್‌ನಲ್ಲಿ ಸಾಧನವಾರು ಬಳಕೆ ತೋರಿಸೋ ಪುಟ ಇದ್ದರೆ, ಯಾರೂ ಏನೂ ನೋಡದ ರಾತ್ರಿಯ ಅಪ್‌ಲೋಡ್ ಗಮನಿಸಿ. ಸಿನಿಮಾ ನೋಡೋ ಸಾಧನ ಇಳಿಸಿಕೊಳ್ಳಬೇಕು, ಸುಮ್ಮನಿದ್ದಾಗ ಗಂಟೆಗಟ್ಟಲೆ ಏರಿಸೋಕೆ ಅದಕ್ಕೆ ಕೆಲಸ ಏನಿದೆ?

ಎರಡು ತಪ್ಪು ಸಲಹೆ ಎಲ್ಲೆಡೆ ಓಡಾಡ್ತಿವೆ. ‘ಫ್ಯಾಕ್ಟರಿ ರೀಸೆಟ್ ಮಾಡಿ’: ರೋಗ ಸಿಸ್ಟಂ ವಿಭಾಗದಲ್ಲೇ ಇದ್ದರೆ ರೀಸೆಟ್ ಅದನ್ನೇ ಹೊಸದಾಗಿ ತಂದು ಕೂರಿಸುತ್ತೆ. ‘ಗೆಸ್ಟ್ ವೈಫೈಗೆ ಹಾಕಿ’: ಮನೆಯ ಉಳಿದ ಸಾಧನಗಳು ಬಚಾವಾಗಬಹುದು, ಆದರೆ ಪ್ರಾಕ್ಸಿ ಹರಿವು ಅದೇ ಐಪಿಯಿಂದ ತಾನೇ ಹೊರಗೆ ಹೋಗೋದು? ಪ್ಲಗ್ ಕೀಳೋದೊಂದೇ ದಾರಿ.

ಫೋನ್‌ಗೆ ಎಪಿಕೆ (ಪ್ಲೇ ಸ್ಟೋರ್ ಹೊರಗಿನ ಆಪ್ ಫೈಲ್) ಹಾಕೋರಿಗೆ ಒಂದೇ ಸಾಲು: ಸಿನಿಮಾ ಆಪ್‌ಗೆ ಆಕ್ಸೆಸಿಬಿಲಿಟಿ ಅನುಮತಿ, ಎಸ್‌ಎಂಎಸ್ ಓದೋ ಅನುಮತಿ ಬೇಕಾಗೋ ಯಾವ ಕಾರಣವೂ ಇಲ್ಲ. 2025ರಲ್ಲಿ ಸೆಕ್ಯುರಿಟಿ ಕಂಪನಿ ಕ್ಲೀಫಿ ಬಯಲು ಮಾಡಿದ ಕ್ಲೋಪಾತ್ರಾ ಅನ್ನೋ ಬ್ಯಾಂಕಿಂಗ್ ಟ್ರೋಜನ್ ಐಪಿಟಿವಿ (ಇಂಟರ್‌ನೆಟ್ ಮೂಲಕ ಟಿವಿ) ಆಪ್ ವೇಷದಲ್ಲೇ ಬಂದು, ಆಕ್ಸೆಸಿಬಿಲಿಟಿ ಮೂಲಕ ಪರದೆಯನ್ನು ತಾನೇ ಓಡಿಸುತ್ತಿತ್ತು.

---

ಲೆಕ್ಕದಪುಸ್ತಕ:

ಇದು ನಾನು ಅಂದುಕೊಂಡಿದ್ದಕ್ಕಿಂತ ಕೆಟ್ಟದಾಗಿದೆ. ನಡುವೆ ಒಂದು ಸಂದೇಹ: ಟೊರೆಂಟ್‌ನಲ್ಲಿ ಜಾಹೀರಾತಿಲ್ಲ, ಬಾಕ್ಸೂ ಇಲ್ಲ. ಅಲ್ಲಿ ಖರ್ಚು ಬರೀ ಕಾನೂನಿನದ್ದಾ? ಸ್ಟ್ರೀಮ್ ಮಾಡಿದರೆ ‘ಡೌನ್‌ಲೋಡ್ ಅಲ್ಲ’ ಅನ್ನೋ ವಾದ ನಿಲ್ಲುತ್ತಾ?

---

ಕುಕೀಕಾವಲು:

ಟೊರೆಂಟ್‌ನಲ್ಲಿ ಇಳಿಸುತ್ತಿರುವಾಗಲೇ ಸಿಕ್ಕ ತುಂಡುಗಳನ್ನು ನಿಮ್ಮ ಕ್ಲೈಂಟ್ ಬೇರೆಯವರಿಗೆ ಏರಿಸುತ್ತಿರುತ್ತೆ. ಹಾಗಾಗಿ ನೋಡಿದವರು ಅನ್ನೋದಕ್ಕಿಂತ ಹಂಚಿದವರು ಅಂತ ಲೆಕ್ಕ, ಬಹುತೇಕ ದೇಶಗಳಲ್ಲಿ ಅದು ಹೆಚ್ಚು ಭಾರದ್ದು. ಆ ಗುಂಪಿನಲ್ಲಿರೋ ಪ್ರತಿಯೊಬ್ಬನ ಐಪಿ, ಪೋರ್ಟ್ ಉಳಿದವರಿಗೆ ಕಾಣುತ್ತೆ. ಹಕ್ಕುದಾರರ ಪರವಾಗಿ ನಿಗಾ ಇಡೋರು ಮಾಡೋದೂ ಅದನ್ನೇ: ಗುಂಪು ಸೇರಿ ಪಟ್ಟಿ ಬರೆದುಕೊಳ್ಳೋದು. ಭೇದಿಸೋ ಕೆಲಸವೇ ಇಲ್ಲ.

ಸ್ಟ್ರೀಮ್ ವಾದ ಯುರೋಪ್‌ನಲ್ಲಿ 2017ರ ಏಪ್ರಿಲ್‌ನಲ್ಲೇ ಬಿತ್ತು. ಫಿಲ್ಮ್‌ಸ್ಪೆಲರ್ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ, ಅಕ್ರಮ ಮೂಲದಿಂದ ಸ್ಟ್ರೀಮ್ ಮಾಡುವಾಗ ಆಗುವ ತಾತ್ಕಾಲಿಕ ಪ್ರತಿಗೂ ವಿನಾಯಿತಿ ಇಲ್ಲ ಅಂದಿತು. ಬೇರೆ ದೇಶಗಳಲ್ಲಿ ಬೇರೆ ಬೇರೆ.

---

ಡಿಸಿಪಿಡಬ್ಬ:

ನಷ್ಟದ ಅಂಕಿಗಳ ಬಗ್ಗೆ ಬರೆಯುತ್ತೇನೆ. ಇಲ್ಲಿ ಎರಡೂ ಕಡೆಯವರು ಕೈಚಳಕ ತೋರಿಸುತ್ತಾರೆ.

ಉದ್ಯಮದ ಹಳೆಯ ಲೆಕ್ಕ ಸುಲಭ: ಇಷ್ಟು ಕದ್ದ ವೀಕ್ಷಣೆ, ಇಂಟು ಟಿಕೆಟ್ ದರ. ಅದು ತಪ್ಪು, ಏಕೆಂದರೆ ಕದ್ದು ನೋಡಿದವರೆಲ್ಲ ಕೊಟ್ಟು ನೋಡುತ್ತಿರಲಿಲ್ಲ. ಇನ್ನೊಂದು ಕಡೆಯವರು ‘ಹೇಗೂ ಕೊಂಡುಕೊಳ್ಳುತ್ತಿರಲಿಲ್ಲ, ಆದ್ದರಿಂದ ನಷ್ಟ ಸೊನ್ನೆ’ ಎನ್ನುತ್ತಾರೆ. ಅದೂ ತಪ್ಪು. ಐರೋಪ್ಯ ಆಯೋಗಕ್ಕಾಗಿ ಎಕೋರಿಸ್ ಎಂಬ ಸಂಶೋಧನಾ ಸಂಸ್ಥೆ ಮಾಡಿದ ಅಧ್ಯಯನ 2015ರಲ್ಲೇ ಮುಗಿದಿತ್ತು, ಹೊರಬಂದದ್ದು 2017ರಲ್ಲಿ. ಒಟ್ಟಾರೆ ಪೈರಸಿಯಿಂದ ಮಾರಾಟ ಕುಸಿಯುತ್ತದೆ ಎನ್ನಲು ಗಟ್ಟಿ ಸಂಖ್ಯಾಶಾಸ್ತ್ರೀಯ ಸಾಕ್ಷ್ಯ ಅದಕ್ಕೆ ಸಿಗಲಿಲ್ಲ, ಒಂದು ಕಡೆ ಬಿಟ್ಟು: ಹೊಸ, ಯಶಸ್ವಿ ಸಿನಿಮಾಗಳು. ಅಲ್ಲಿ ಕದ್ದು ನೋಡಿದ ಪ್ರತಿ 10 ಸಿನಿಮಾಗೆ 4 ಸಕ್ರಮ ವೀಕ್ಷಣೆ ತಪ್ಪಿಹೋಗುತ್ತಿತ್ತು. ಹತ್ತಕ್ಕೆ ಹತ್ತೂ ಅಲ್ಲ, ಹತ್ತಕ್ಕೆ ಸೊನ್ನೆಯೂ ಅಲ್ಲ.

ಯಾವಾಗ ಸೋರಿತು ಎಂಬುದೇ ಹೆಚ್ಚು ಮುಖ್ಯ. ಕಾರ್ನೆಗಿ ಮೆಲನ್ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬಿಡುಗಡೆಗೆ ಮೊದಲೇ ಸೋರಿದರೆ, ಬಿಡುಗಡೆಯ ನಂತರ ಸೋರುವುದಕ್ಕೆ ಹೋಲಿಸಿದಾಗ, ಗಲ್ಲಾಪೆಟ್ಟಿಗೆ ಗಳಿಕೆ ಸರಾಸರಿ 19.1% ಕಡಿಮೆ. 2012ರಲ್ಲಿ ಮೆಗಾಅಪ್‌ಲೋಡ್ ಎಂಬ ಫೈಲ್ ಹಂಚಿಕೆ ಸೈಟ್ ಮುಚ್ಚಿದ ಮೇಲೆ ದೊಡ್ಡ ಸ್ಟುಡಿಯೋಗಳ ಡಿಜಿಟಲ್ ಆದಾಯ 6.5ರಿಂದ 8.5% ಏರಿತು ಎಂದು ಡ್ಯಾನಹರ್ ಮತ್ತು ಸ್ಮಿತ್ ತೋರಿಸಿದರು. ಅದೇ ಮುಚ್ಚುವಿಕೆಯನ್ನು ಚಿತ್ರಮಂದಿರದ ಕಡೆಯಿಂದ ನೋಡಿದ ಪಾಯ್ಕರ್ಟ್, ಕ್ಲಾಸೆನ್, ಕ್ರೆಚ್ಮರ್ ಅವರಿಗೆ ಕಂಡದ್ದು ಬೇರೆ: ದೊಡ್ಡ ಚಿತ್ರಗಳಿಗೆ ಲಾಭ, ಮಧ್ಯಮ ಗಾತ್ರದವಕ್ಕೆ ಕುಸಿತ. ಬಾಯಿಮಾತಿನ ಪ್ರಚಾರ ನಿಂತಿತು ಎಂಬುದು ಅವರ ವಿವರಣೆ. ಈ ಕೊನೆಯದನ್ನು ಪೈರಸಿಯ ಸಮರ್ಥಕರು ಹಿಡಿದು ಕುಣಿಯುತ್ತಾರೆ. ಆದರೆ ನಿರ್ಮಾಪಕ ಕೇಳದೆ, ಬಿಡುಗಡೆಯ ವಾರದಲ್ಲೇ ಆಗುವ ‘ಪ್ರಚಾರ’ಕ್ಕೆ ಅವನು ಯಾಕೆ ಬೆಲೆ ತೆರಬೇಕು ಎಂಬ ಪ್ರಶ್ನೆಗೆ ಆ ಅಧ್ಯಯನ ಉತ್ತರವಲ್ಲ.

ಲೆಕ್ಕಪತ್ರದಲ್ಲಿ ‘ಪೈರಸಿ’ ಎಂಬ ತಲೆಬರಹದಡಿ ಬಾರದ ಖರ್ಚುಗಳು ಇನ್ನೂ ಇವೆ. ಚಿತ್ರಮಂದಿರಕ್ಕೆ ಹೋಗುವ ಪ್ರತಿ ಎನ್‌ಕ್ರಿಪ್ಟ್ ಆದ ಡಿಸಿಪಿಗೂ (ಸಿನಿಮಾದ ಡಿಜಿಟಲ್ ಪ್ರತಿ) ಆಯಾ ಸರ್ವರ್‌ಗೇ ಕಟ್ಟಿದ, ಗಂಟೆ ನಿಗದಿಯಾದ ಕೀಲಿ ಬೇಕು, ಅದನ್ನು ಕೆಡಿಎಂ ಎನ್ನುತ್ತೇವೆ. ಗಡಿಯಾರ ತಪ್ಪಿದರೆ, ಸರ್ವರ್ ಬದಲಾದರೆ ಪ್ರದರ್ಶನವೇ ನಿಲ್ಲುತ್ತದೆ. ಪರದೆಯ ಮೇಲೆ ಬೀಳುವ ಚಿತ್ರದಲ್ಲೂ ಕಣ್ಣಿಗೆ ಕಾಣದ ಗುರುತು ಇರುತ್ತದೆ. ದೊಡ್ಡ ಸ್ಟುಡಿಯೋಗಳ ಒಕ್ಕೂಟವಾದ ಡಿಸಿಐ ನಿಯಮದಂತೆ ಅದು ಕನಿಷ್ಠ 35 ಬಿಟ್: 16 ಬಿಟ್ ಸಮಯಕ್ಕೆ, 15 ನಿಮಿಷಕ್ಕೊಂದರಂತೆ ಇಡೀ ವರ್ಷಕ್ಕೆ ಸಾಲುತ್ತದೆ, 19 ಬಿಟ್ ಜಾಗಕ್ಕೆ, 5,24,288 ಪರದೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಸಿನಿಮಾದ ಪ್ರತಿ 5 ನಿಮಿಷದ ತುಂಡಿನಲ್ಲೂ ಪೂರ್ತಿ 35 ಬಿಟ್ ಅಡಗಿರಬೇಕು. ಹೀಗಾಗಿ ಕ್ಯಾಮೆರಾದಲ್ಲಿ ಹಿಡಿದ ಮಸುಕು ಪ್ರತಿಯಿಂದಲೂ ಯಾವ ಪರದೆ, ಯಾವ ಹೊತ್ತು ಎಂದು ತೆಗೆಯಲು ಸಾಧ್ಯ. ಸಿಕ್ಕಿಬಿದ್ದ ಮೇಲೆ ಇಕ್ಕಟ್ಟು ಚಿತ್ರಮಂದಿರದವರದ್ದು, ಹಿಡಿದವನು ಅಷ್ಟರಲ್ಲಿ ಎಲ್ಲೋ.

ಮನೆಯಲ್ಲಿ ದುಡ್ಡು ಕೊಟ್ಟು ನೋಡುವವನೂ ಇದರ ಪಾಲು ಕಟ್ಟುತ್ತಾನೆ. ಬ್ರೌಸರ್ ಅಥವಾ ಫೋನ್‌ನಲ್ಲಿ ವೈಡ್‌ವೈನ್ ಎಂಬ ನಕಲು-ತಡೆ ವ್ಯವಸ್ಥೆಯ ಕೆಳಗಿನ ಎಲ್3 ಮಟ್ಟದ ರಕ್ಷಣೆ ಮಾತ್ರ ಇದ್ದರೆ, 4ಕೆ ಚಂದಾ ಕಟ್ಟಿದ್ದರೂ ಎಷ್ಟೋ ಸೇವೆಗಳು ಕಡಿಮೆ ರೆಸಲ್ಯೂಶನ್ನಿನ ಚಿತ್ರವನ್ನೇ ಕಳಿಸುತ್ತವೆ. ಎಚ್‌ಡಿಎಂಐ ದಾರಿಯಲ್ಲಿ ಸಾಧನಗಳ ನಡುವೆ ಎಚ್‌ಡಿಸಿಪಿ (ನಕಲು ತಡೆಯುವ ಪರಿಶೀಲನೆ) ಕೈಕುಲುಕದಿದ್ದರೆ ಕಪ್ಪು ಪರದೆ. ಕದ್ದ ಪ್ರತಿಯಲ್ಲಿ ಈ ತಂಟೆ ಯಾವುದೂ ಇಲ್ಲ. ಉದ್ಯಮ ಇದನ್ನು ಸರಿಯಾಗಿ ಯೋಚಿಸಿಲ್ಲ ಎಂಬುದು ನನ್ನ ಅಭಿಪ್ರಾಯ.

---

ಹರಿವಾಣ:

ಇದೆಲ್ಲ ಓದಿದ ಮೇಲೆ ‘ಆಗಲೇ ಏನೋ ಒತ್ತಿಬಿಟ್ಟಿದ್ದಾರೆ’ ಅನ್ನೋರಿಗೆ ಏನು ಹೇಳೋದು? ಕ್ರಮವಾಗಿ ಯಾರಾದರೂ ಬರೀರಿ.

---

ಚಿತ್ರಚಾಲಕ:

ಕ್ರಮ ತಪ್ಪಿದರೆ ಮಾಡಿದ್ದೆಲ್ಲ ವ್ಯರ್ಥ, ಆದ್ದರಿಂದ ಹೀಗೇ ಮಾಡಿ.

ಮೊದಲು ಆ ಕಂಪ್ಯೂಟರ್‌ನ ನೆಟ್ ಕಿತ್ತುಹಾಕಿ. ಅದೇ ಕಂಪ್ಯೂಟರ್‌ನಲ್ಲಿ ಕೂತು ಪಾಸ್‌ವರ್ಡ್ ಬದಲಿಸಬೇಡಿ, ಹೊಸ ಪಾಸ್‌ವರ್ಡೂ ಹೋಗುತ್ತೆ. ಬೇರೆ ಸ್ವಚ್ಛ ಸಾಧನದಿಂದ ಇಮೇಲ್ ಖಾತೆ ಮೊದಲು, ಯಾಕಂದ್ರೆ ಉಳಿದೆಲ್ಲದರ ರೀಸೆಟ್ ಲಿಂಕ್ ಬರೋದು ಅಲ್ಲಿಗೆ. ಪಾಸ್‌ವರ್ಡ್ ಬದಲಿಸಿದ ಕೂಡಲೇ ‘ಎಲ್ಲಾ ಸಾಧನಗಳಿಂದ ಸೈನ್ ಔಟ್’ ಒತ್ತಿ. ಕದ್ದ ಕುಕೀ ಸಾಯೋದು ಇದರಿಂದ, ಕೆಲವು ಕಡೆ ಬರೀ ಪಾಸ್‌ವರ್ಡ್ ಬದಲಾವಣೆಗೆ ಅದು ಸಾಯಲ್ಲ. ಆಮೇಲೆ ಇಮೇಲ್‌ನ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನಿಯಮಗಳು, ರಿಕವರಿ ನಂಬರ್, ಅನುಮತಿ ಪಡೆದ ಆಪ್‌ಗಳ ಪಟ್ಟಿ. ಬಂದ ಮೇಲ್‌ಗಳ ನಕಲು ಬೇರೆ ವಿಳಾಸಕ್ಕೆ ಹೋಗೋ ಹಾಗೆ ನಿಯಮ ಹಾಕಿಟ್ಟಿದ್ದರೆ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಪ್ರಯೋಜನ ಇಲ್ಲ. ನಂತರ ಬ್ಯಾಂಕ್, ವಾಟ್ಸಾಪ್ ಮತ್ತು ಟೆಲಿಗ್ರಾಂನ ಲಿಂಕ್ ಆದ ಸಾಧನಗಳು, ಉಳಿದವು.

ಕಂಪ್ಯೂಟರ್‌ಗೆ ಸ್ಕ್ಯಾನ್ ಮಾಡಿ ಸಮಾಧಾನ ಪಡೋ ಬದಲು ವಿಂಡೋಸ್ ಹೊಸದಾಗಿ ಹಾಕಿ. ಇನ್ನೊಂದು ಕಂಪ್ಯೂಟರ್‌ನಲ್ಲಿ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ಗೆ ಇನ್‌ಸ್ಟಾಲರ್ ಮಾಡಿಕೊಳ್ಳಿ, ಬೇಕಾದ ದಾಖಲೆ, ಫೋಟೋ ಬ್ಯಾಕಪ್ ತಗೊಂಡು ಹಾಕುವಾಗ ಹಳೇ ಪಾರ್ಟಿಶನ್‌ಗಳನ್ನು ಅಳಿಸಿ. ಇನ್‌ಸ್ಟಾಲರ್‌ಗಳನ್ನು, ಹಳೇ ಬ್ರೌಸರ್ ಪ್ರೊಫೈಲನ್ನು ವಾಪಸ್ ತರಬೇಡಿ. ಸಿಂಕ್ ಆನ್ ಮಾಡೋ ಮುಂಚೆ ಎಕ್ಸ್‌ಟೆನ್ಶನ್ ಪಟ್ಟಿ ನೋಡಿ, ಕೆಟ್ಟದ್ದು ಅಲ್ಲಿಂದಲೂ ಮರಳಿ ಬರುತ್ತೆ.

ಒತ್ತಿದ್ದು ಬರೀ ‘ಅಲೋ’ ಬಟನ್, ಆಮೇಲೆ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್‌ಗೆ ವೈರಸ್’ ಅನ್ನೋ ಸೂಚನೆಗಳು ಬರ್ತಿವೆ ಅಂದ್ರೆ ಇಷ್ಟೆಲ್ಲ ಬೇಡ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಗುರುತಿಲ್ಲದ ವಿಳಾಸಗಳನ್ನು ತೆಗೆದುಹಾಕಿ. ಆ ಸೂಚನೆಯ ಮೇಲೆ ಮಾತ್ರ ಕ್ಲಿಕ್ ಮಾಡಬೇಡಿ.

---

ಆಂಟೆನಾ_ಅಣ್ಣ:

ಇದಕ್ಕೆ ಒಂದು ಸೇರಿಸಿ. ಯಾವುದೋ ‘ಪ್ಲೇಯರ್’ ಹಾಕುವಾಗ ಆಂಟಿವೈರಸ್ ಆಫ್ ಮಾಡಿದ್ದರೆ, ವಿಂಡೋಸ್ ಸೆಕ್ಯುರಿಟಿಯ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿ ತೆಗೆದು ನೋಡಿ. ನೀವು ಸೇರಿಸದ ಫೋಲ್ಡರ್, ಅದರಲ್ಲೂ ಇಡೀ ಸಿ ಡ್ರೈವ್ ಅಲ್ಲಿದ್ದರೆ ಡಿಫೆಂಡರ್ ಆನ್ ಇದೆ ಅಂತ ತೋರಿಸೋ ಹಸಿರು ಟಿಕ್‌ಗೆ ಬೆಲೆ ಇಲ್ಲ. ಅಂಥವರು ಮೇಲೆ ಹೇಳಿದ ಹೊಸ ಇನ್‌ಸ್ಟಾಲ್‌ಗೇ ನೇರ ಹೋಗಿ.